ಬೇಸಿಗೆ ರಜೆಯಲ್ಲಿ ಕಗ್ಗಲಡು ನೋಡಲು ಹೋಗಬೇಕು, ತಿಳಿದವರು ಹೇಳಿ

ತುಮಕೂರಿನ ಅಪ್ಪ
ಎಲ್ಲರಿಗೂ ನಮಸ್ಕಾರ. ನಾವು ತುಮಕೂರು ಟೌನಿನವರು. ಮಗಳಿಗೆ ಒಂಬತ್ತು ವರ್ಷ. ರಜೆ ಬಿಟ್ಟಾಗಿನಿಂದ ಮೊಬೈಲ್ ಬಿಟ್ಟು ಏಳುತ್ತಿಲ್ಲ. ಶಿರಾ ತಾಲ್ಲೂಕಿನ ಕಗ್ಗಲಡು ಅನ್ನುವ ಊರಲ್ಲಿ ಹುಣಸೆಮರಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಶಿರಾ ಮೇಲೆ ಎಷ್ಟೋ ಸಲ ಓಡಾಡಿದ್ದೇನೆ, ಒಂದು ಸಲವೂ ಆ ಕಡೆ ಗಾಡಿ ತಿರುಗಿಸಿಲ್ಲ.

ಏಪ್ರಿಲ್ ಕೊನೆಯಲ್ಲಿ ಹೋದರೆ ಹಕ್ಕಿಗಳು ಇರುತ್ತವಾ? ಟಿಕೆಟ್ಟು, ಗೇಟು ಏನಾದರೂ ಇದೆಯಾ? ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯೋಕೆ ಆಗಲ್ಲ. ಸುತ್ತಮುತ್ತ ಇನ್ನೇನು ನೋಡಬಹುದು? ಊಟಕ್ಕೆ ಎಲ್ಲಿ ಹೋಗಬೇಕು?

ಹೆದ್ದಾರಿ ಪಯಣಿಗ
ತುಮಕೂರಿಂದ ಶಿರಾ 50 ಕಿ.ಮೀ. ಆಸುಪಾಸು. ಶಿರಾದಲ್ಲಿ ಚಂಗಾವರ ರಸ್ತೆ ಹಿಡಿಯಿರಿ, ಹತ್ತು ಕಿ.ಮೀ. ಒಳಗೇ ಊರು ಸಿಗುತ್ತದೆ. ಬಸ್ಸಿನಲ್ಲಿ ಹೋಗುವುದಾದರೆ ಚಿತ್ರದುರ್ಗ, ದಾವಣಗೆರೆ ಬಸ್ಸುಗಳೆಲ್ಲ ಅದೇ ದಾರಿ. ಆದರೆ ಕೆಲವರು ಬೈಪಾಸಿನಲ್ಲೇ ಇಳಿಸಿಬಿಡುತ್ತಾರೆ. ಶಿರಾ ಊರೊಳಗೆ ಹೋಗುತ್ತಾ ಅಂತ ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ಅಮ್ಮನಿಗೆ ಮಂಡಿ ನೋವು ಅಂತೀರಿ, ಕಾರೇ ವಾಸಿ.

ಹುಣಸೆ ನೆರಳು
ನಮ್ಮ ಅಕ್ಕನನ್ನು ಆ ಊರಿಗೇ ಕೊಟ್ಟಿದ್ದೇವೆ. ಹಾಗಾಗಿ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಹಕ್ಕಿಗಳು ಫೆಬ್ರವರಿ ಹೊತ್ತಿಗೆ ಬರೋಕೆ ಶುರು ಮಾಡುತ್ತವೆ. ಮಳೆ ಹಿಡಿದು, ಮರಿಗಳ ರೆಕ್ಕೆ ಬಲಿತ ಮೇಲೆ ಒಂದೊಂದೇ ಮರ ಖಾಲಿಯಾಗುತ್ತದೆ. ಏಪ್ರಿಲ್ ಕೊನೆ ಅಂದರೆ ಗೂಡಿನಲ್ಲಿ ಮರಿ ಇರುವ ಕಾಲ. ಒಳ್ಳೆಯ ಸಮಯಕ್ಕೇ ಹೋಗುತ್ತಿದ್ದೀರಿ.

ಆದರೆ ಒಂದು ಮಾತು. ಪಾರ್ಕು ಅಂದುಕೊಂಡು ಹೋಗಬೇಡಿ. ಮರಗಳು ಇರುವುದು ಮನೆ ಹಿತ್ತಲಲ್ಲಿ, ದನದ ಕೊಟ್ಟಿಗೆ ಪಕ್ಕದಲ್ಲಿ, ಓಣಿಯಲ್ಲಿ. ತಲೆ ಎತ್ತಿ ಹಕ್ಕಿ ನೋಡುತ್ತಾ ಹಿಂದಕ್ಕೆ ಹಿಂದಕ್ಕೆ ಸರಿದರೆ ಯಾರದೋ ಬಚ್ಚಲುಮನೆ ಬಾಗಿಲಿಗೆ ಬಂದಿರುತ್ತೀರಿ. ಹೋದ ವರ್ಷ ಒಂದು ಗುಂಪು ಅಕ್ಕನ ಮನೆ ಅಂಗಳದಲ್ಲಿ ಕ್ಯಾಮೆರಾ ಸ್ಟ್ಯಾಂಡ್ ಊರಿಕೊಂಡು ಎರಡು ಗಂಟೆ ಕೂತಿತ್ತು. ಒಂದು ಮಾತು ಕೇಳಲಿಲ್ಲ. ಬಿಸಿಲು ನೋಡಲಾರದೆ ಅಕ್ಕನೇ ಕರೆದು ನೀರು ಕೊಟ್ಟಳು. ಹೋಗುವಾಗ ಖಾಲಿ ಬಾಟಲಿ, ಚಿಪ್ಸ್ ಕವರು ಅಲ್ಲೇ ಬಿಟ್ಟು ಹೋದರು. ಸಂಜೆ ಎಮ್ಮೆ ಆ ಕವರಿಗೆ ಬಾಯಿ ಹಾಕಿತ್ತು.

ನೀವು ಹೋದ ತಕ್ಷಣ ಎದುರು ಸಿಕ್ಕಿದವರನ್ನು ಮಾತಾಡಿಸಿ. ಹಕ್ಕಿ ನೋಡೋಕೆ ಬಂದಿದ್ದೀವಿ ಅನ್ನಿ. ಯಾರೂ ಬೇಡ ಅನ್ನಲ್ಲ.

ಮೊಳಕೆ ಕಾಳು
ಇವು ಸೈಬೀರಿಯಾದಿಂದ ಬರುವ ಹಕ್ಕಿಗಳು ಅಲ್ವಾ? ಅಷ್ಟು ದೂರದಿಂದ ಈ ಬಿಸಿಲಿಗೆ ಯಾಕೆ ಬರುತ್ತವೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಕೆರೆ ಏರಿ
ಇಲ್ಲ, ಇವು ನಮ್ಮ ದೇಶದವೇ. ಯಾವ ಹಕ್ಕಿ ಗುಂಪಾಗಿ ಬಂದರೂ ಸೈಬೀರಿಯಾ ಅನ್ನುವುದು ರೂಢಿಯಾಗಿದೆ. ಕಗ್ಗಲಡುವಿನಲ್ಲಿ ಗೂಡು ಮಾಡುವುದು ಮುಖ್ಯವಾಗಿ ಬಣ್ಣದ ಕೊಕ್ಕರೆ. ಜೊತೆಗೆ ಬೂದು ಬಕ. ಬಣ್ಣದ ಕೊಕ್ಕರೆ ನೀರು, ಮೀನು ಇರುವ ಕಡೆಗೆ ಇಲ್ಲಿಲ್ಲೇ ಜಾಗ ಬದಲಾಯಿಸುತ್ತದೆ, ಅಷ್ಟೇ. ಚಳಿಗಾಲಕ್ಕೆ ಉತ್ತರದಿಂದ ಬರುವ ಬಾತುಗಳ ಕಥೆ ಬೇರೆ. ಅವು ಇಲ್ಲಿ ಗೂಡು ಕಟ್ಟಲ್ಲ, ಮರಿ ಮಾಡಲ್ಲ.

ಮಗಳಿಗೆ ಗುರುತು ಹೇಳಿಕೊಡಿ. ದೊಡ್ಡ ಬಿಳಿ ಹಕ್ಕಿ, ಉದ್ದ ಹಳದಿ ಕೊಕ್ಕು, ತುದಿ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಮುಖದ ಮೇಲೆ ಗರಿ ಇಲ್ಲ, ಕಿತ್ತಳೆ ಬಣ್ಣ. ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ. ಬೆನ್ನ ಹಿಂದೆ, ಬಾಲದ ಹತ್ತಿರ ಗುಲಾಬಿ ಗರಿ. ಬೂದು ಬಕಕ್ಕೆ ಈ ಬಣ್ಣ ಯಾವುದೂ ಇಲ್ಲ, ಹಾರುವಾಗ ಕತ್ತು ಮಡಚಿಕೊಳ್ಳುತ್ತದೆ. ಕೊಕ್ಕರೆ ಕತ್ತು ಚಾಚಿಕೊಂಡೇ ಹಾರುತ್ತದೆ. ದೂರದಿಂದ ಇಷ್ಟರಲ್ಲೇ ಗೊತ್ತಾಗುತ್ತದೆ.

ಹಸಿರು ಕಣ್ಣು
ಬೇಜಾರು ಮಾಡಿಕೊಳ್ಳಬೇಡಿ. ಊರಿನ ಹೆಸರು, ರಸ್ತೆ, ತಿಂಗಳು ಎಲ್ಲ ಹೀಗೆ ಬಿಡಿಸಿ ಬರೆಯುವುದು ನನಗೆ ಸರಿ ಕಾಣುತ್ತಿಲ್ಲ. ಬೇರೆ ಜಿಲ್ಲೆಯ ಒಂದು ಜಲಪಾತಕ್ಕೆ ಮೊದಲು ಹತ್ತು ಜನ ಹೋಗುತ್ತಿದ್ದರು. ಒಂದು ವಿಡಿಯೋ ಬಂತು. ಈಗ ಭಾನುವಾರ ಕಾಲಿಡೋಕೆ ಜಾಗ ಇಲ್ಲ, ಕಲ್ಲಿನ ಸಂದಿಯಲ್ಲೆಲ್ಲ ಬಾಟಲಿ ಚೂರು. ಗೂಡಿನಲ್ಲಿ ಮರಿ ಇರುವಾಗ ಡ್ರೋನ್ ಹಾರಿಸಿದರೆ ತಾಯಿ ಹಕ್ಕಿ ಎದ್ದು ಹೋಗುತ್ತದೆ. ಏಪ್ರಿಲ್ ಬಿಸಿಲಿಗೆ ಮರಿ ಎಷ್ಟು ಹೊತ್ತು ತಡೆದೀತು? ಗೊತ್ತಿರುವವರು ಸುಮ್ನೆ ಹೋಗಿ ಬರಲಿ.

ಹೆದ್ದಾರಿ ಪಯಣಿಗ
ಶಿರಾ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಊರು ಅದು. ಪೇಪರಿನಲ್ಲಿ ಬಂದಿದೆ. ಮುಚ್ಚಿಟ್ಟು ಏನು ಪ್ರಯೋಜನ?

ಹುಣಸೆ ನೆರಳು
ಹಸಿರು ಕಣ್ಣು ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಡ್ರೋನ್ ಬಗ್ಗೆ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಸುಮ್ನೆ ಹೋಗಿ ಬರಲಿ ಅನ್ನುವುದನ್ನು ಒಪ್ಪಲ್ಲ. ಯಾರೂ ಬರದೆ ಇದ್ದರೆ ಆ ಮರಗಳ ಭಾರ ಹೊತ್ತವರು ಯಾರು ಅಂತ ಯಾರಿಗೂ ಗೊತ್ತಾಗಲ್ಲ.

ನಮ್ಮ ಸೀಮೆಯಲ್ಲಿ ಹುಣಸೆ ಅಂದರೆ ಬರಗಾಲದ ದುಡ್ಡು. ಶೇಂಗಾ ಕೈಕೊಟ್ಟ ವರ್ಷವೂ ಹುಣಸೆ ಅಷ್ಟೋ ಇಷ್ಟೋ ಕೊಡುತ್ತದೆ. ಹಣ್ಣು ಬಲಿಯುವುದು ಸಂಕ್ರಾಂತಿ ಆದ ಮೇಲೆ. ಅದೇ ಹೊತ್ತಿಗೆ ಹಕ್ಕಿಗಳು ಬಂದು ಕೂರುತ್ತವೆ. ಗಳ ತಗೊಂಡು ಮರ ಬಡಿದರೆ ಅವು ನಿಲ್ಲುತ್ತವಾ? ಬಡಿಯದೆ ಬಿಟ್ಟರೆ ಹಣ್ಣಿನ ಮೇಲೆಲ್ಲ ಹಿಕ್ಕೆ. ಮಂಡಿಗೆ ಹಾಕೋಕೆ ಆಗಲ್ಲ. ಅಕ್ಕನ ಮನೆಯವರು ಹಿತ್ತಲಿನ ಎರಡು ಮರಗಳನ್ನು ಬಡಿಯದೆ ಬಿಟ್ಟು ಎಷ್ಟೋ ವರ್ಷವಾಯಿತು. ಸರಿಯಾಗಿ ಕಾಯಿ ಬಿಟ್ಟರೆ ಒಂದು ದೊಡ್ಡ ಮರದ ಹಣ್ಣಿನಲ್ಲಿ ಇಬ್ಬರು ಮಕ್ಕಳ ಸ್ಕೂಲ್ ಬ್ಯಾಗು, ಪುಸ್ತಕದ ಖರ್ಚು ಕಳೆಯುತ್ತದೆ ಅಂತ ಭಾವ ಹೇಳುತ್ತಾರೆ.

ಇದನ್ನು ಊರಿನವರು ಯಾರ ಮುಂದೆಯೂ ಹೇಳಿಕೊಳ್ಳಲ್ಲ. ಹಾಗಾಗಿ ನಾನು ಹೇಳುತ್ತಿದ್ದೇನೆ. ಜನ ಬರಲಿ. ಬಂದವರು ಮನೆಯವರ ಹತ್ತಿರ ಎರಡು ಕೆ.ಜಿ. ಹುಣಸೆಹಣ್ಣೋ, ಒಂದು ಸೇರು ಶೇಂಗಾನೋ ಕೊಂಡು ಹೋಗಲಿ.

ಮಂಡಿ ಮಾತು
ತುಮಕೂರು ಮಂಡಿಯಲ್ಲಿ ಹುಣಸೆ ವ್ಯಾಪಾರ ನೋಡಿ ಬೆಳೆದವನು ನಾನು. ಬಡಿಯುವ ಕೂಲಿ, ಆಯುವ ಕೂಲಿ, ಸಿಪ್ಪೆ ಬಿಡಿಸುವ ಕೂಲಿ, ಕುಟ್ಟಿ ಬೀಜ ತೆಗೆಯುವ ಕೂಲಿ ಎಲ್ಲ ಕಳೆದರೆ ರೈತನಿಗೆ ಉಳಿಯುವುದೇ ಕಡಿಮೆ. ಅದರಲ್ಲೂ ಎರಡು ಮರ ಬಿಟ್ಟುಕೊಡುವುದು ಅಂದರೆ ದೊಡ್ಡ ಮನಸ್ಸು. ಹಣ್ಣು ಕೊಳ್ಳುವವರಿಗೆ ಒಂದು ಕಿವಿಮಾತು. ಹೊಸ ಹಣ್ಣು ಕೆಂಚಗೆ ಇರುತ್ತದೆ, ಹಳೆಯದು ಕಪ್ಪಗೆ. ಸಾರಿಗೆ ಹೊಸದು, ಗೊಜ್ಜಿಗೆ ಹಳೆಯದು.

ರಾಗಿ ಕಣಜ
ಗೊಜ್ಜಿಗೂ ಹೊಸದೇ ಚೆನ್ನಾಗಿರುತ್ತದೆ. ಹಳೆಯದು ಹಾಕಿದರೆ ಬಣ್ಣ ಕಪ್ಪಾಗುತ್ತದೆ.

ಮಂಡಿ ಮಾತು
ಬಣ್ಣ ಕಪ್ಪಾಗಲಿ, ಕೆಡದೆ ಜಾಸ್ತಿ ದಿನ ಇರುತ್ತದೆ ಅಕ್ಕ. ನಮ್ಮಜ್ಜಿ ಮೂರು ವರ್ಷದ ಹಣ್ಣನ್ನು ಉಪ್ಪು ಹಾಕಿ ಮಣ್ಣಿನ ಗಡಿಗೆಯಲ್ಲಿ ಇಡುತ್ತಿದ್ದರು.

ಮೊಳಕೆ ಕಾಳು
ಹಿಕ್ಕೆ ಗೊಬ್ಬರ ಆಗುತ್ತದಲ್ಲ? ಅದರಲ್ಲಿ ಲಾಭ ಇಲ್ವಾ?

ಕೆರೆ ಏರಿ
ಗೊಬ್ಬರ ಹೌದು, ಒಳ್ಳೆಯದೂ ಹೌದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮರದ ಕೆಳಗೆ ಗುಂಡಿ ತೆಗೆದು ಹಿಕ್ಕೆ ಕೂಡಿಸಿ ಗದ್ದೆಗೆ ಹಾಕುತ್ತಾರೆ. ಅಲ್ಲಿ ಬಣ್ಣದ ಕೊಕ್ಕರೆ ಜೊತೆ ಹೆಜ್ಜಾರ್ಲೆಯೂ (ಪೆಲಿಕನ್) ಗೂಡು ಮಾಡುತ್ತದೆ. 2007ರಲ್ಲಿ ಆ ಊರನ್ನು ಸಮುದಾಯ ಮೀಸಲು, ಅಂದರೆ ಊರಿನವರೂ ಸೇರಿ ಕಾಪಾಡುವ ಜಾಗ, ಅಂತ ಘೋಷಿಸಿದರು. ಮರದಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಊರಿನ ಯುವಕರೇ ಬೇಲಿಯೊಳಗೆ ಸಾಕಿ, ಹಾರುವಂತಾದ ಮೇಲೆ ಬಿಟ್ಟಿದ್ದಾರೆ. ಆದರೆ ಹಿಕ್ಕೆ ಎಲೆಯ ಮೇಲೆ ಗಟ್ಟಿಯಾಗಿ ಕೂತರೆ ಎಲೆ ಸುಡುತ್ತದೆ, ಕೊಂಬೆ ಒಣಗುತ್ತದೆ. ಲಾಭ ನೆಲಕ್ಕೆ, ನಷ್ಟ ಮರಕ್ಕೆ.

ಹಸಿರು ಕಣ್ಣು
ಹುಣಸೆ ನೆರಳು ಅವರು ಹೇಳಿದ ಮೇಲೆ ಮರದ ಲೆಕ್ಕ ನನಗೆ ಹೊಸದಾಗಿ ಗೊತ್ತಾಯಿತು. ಹೋಗುವುದೇ ಬೇಡ ಅಂತ ಈಗ ಅನ್ನಲ್ಲ. ಆದರೂ ಗುಂಪು ಕಟ್ಟಿಕೊಂಡು ಹೋಗಬೇಡಿ. ಒಂದು ಮನೆಯವರು, ಒಂದು ಕಾರು, ಸಾಕು. ಹಾರನ್ ಹೊಡೆಯಬೇಡಿ. ಹಾರುವ ಚಿತ್ರ ಬೇಕು ಅಂತ ಚಪ್ಪಾಳೆ ತಟ್ಟಿ ಎಬ್ಬಿಸುವವರನ್ನು ಕಣ್ಣಾರೆ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಶಿರಾ ಕೋಟೆ ಬೀದಿ
ಸುತ್ತಮುತ್ತ ಏನಿದೆ ಅಂತ ಕೇಳಿದರಲ್ಲ, ಶಿರಾವನ್ನೇ ಬಿಟ್ಟು ಹೋಗಬೇಡಿ. ಎಲ್ಲರೂ ನಮ್ಮ ಊರನ್ನು ಟೀ ಕುಡಿಯುವ ನಿಲ್ದಾಣ ಮಾಡಿಕೊಂಡಿದ್ದಾರೆ. 1687ರಿಂದ ಶಿರಾ ಮೊಘಲರ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿಯಾಗಿತ್ತು. ಕೋಟೆ ಇದೆ, ಕಂದಕ ಇದೆ. ಇಲ್ಲಿ ಅಧಿಕಾರಿಯಾಗಿದ್ದ ಮಲಿಕ್ ರಿಹಾನ್ ಗೋರಿ 1651ರದ್ದು, ಜುಮ್ಮಾ ಮಸೀದಿ 1696ರದ್ದು. ಆ ಕಲ್ಲಿನ ಕೆಲಸವನ್ನು ಕೈಯಿಂದ ಮುಟ್ಟಿ ನೋಡಬೇಕು. ಇಲ್ಲಿದ್ದ ಖಾನ್ ಬಾಗ್ ಅನ್ನುವ ತೋಟ ನೋಡಿಯೇ ಲಾಲ್‌ಬಾಗಿನ ಯೋಚನೆ ಬಂತು ಅಂತ ಹಳೆಯ ಗ್ಯಾಸೆಟಿಯರಿನವರು ಬರೆದಿದ್ದಾರೆ. ಬೆಂಗಳೂರಿನವರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ!

ಬೆಳಿಗ್ಗೆ ಹಕ್ಕಿ, ಮಧ್ಯಾಹ್ನ ಊಟ, ಸಂಜೆ ನಾಲ್ಕರ ಮೇಲೆ ಕೋಟೆ. ಮಧ್ಯಾಹ್ನ ಮಾತ್ರ ಕೋಟೆಗೆ ಬರಬೇಡಿ, ಕಲ್ಲು ಕಾದ ಹೆಂಚಾಗಿರುತ್ತದೆ.

ಬೆಟ್ಟದ ಜೀವಿ
ಮೈದನಹಳ್ಳಿ ಜಿಂಕೆವನಕ್ಕೂ ಹೋಗಿ ಬನ್ನಿ, ಒಂದೇ ದಿನದಲ್ಲಿ ಮುಗಿಸಬಹುದು.

ಕೆರೆ ಏರಿ
ಒಂದೇ ದಿನ ಬೇಡ. ಮೈದನಹಳ್ಳಿ ಇರುವುದು ಮಧುಗಿರಿ ತಾಲ್ಲೂಕಿನಲ್ಲಿ, ಮಧುಗಿರಿಯಿಂದಲೇ ಇಪ್ಪತ್ತಕ್ಕಿಂತ ಜಾಸ್ತಿ ಕಿ.ಮೀ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ ಅದರ ಹೆಸರು, 798 ಎಕರೆ ಹುಲ್ಲುಗಾವಲು. ಕೃಷ್ಣಮೃಗ ನೋಡಬೇಕು ಅಂದರೆ ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಬೇಕು. ಅಜ್ಜಿ, ಮಗು ಇಬ್ಬರನ್ನೂ ಕರೆದುಕೊಂಡು ಎರಡೂ ಕಡೆ ಓಡಿದರೆ ಎರಡೂ ಸಿಗಲ್ಲ.

ಅದರ ಬದಲು ಬರುವಾಗ ಕಳ್ಳಂಬೆಳ್ಳ ಕೆರೆ ಹತ್ತಿರ ಒಂದರ್ಧ ಗಂಟೆ ನಿಲ್ಲಿ. ಕೊಕ್ಕರೆ ಮೀನು ಹಿಡಿಯುವುದು ಸಿಕ್ಕರೆ ಅದೃಷ್ಟ. ಮೊಣಕಾಲುದ್ದ ನೀರಿನಲ್ಲಿ ನಿಂತು, ಕೊಕ್ಕನ್ನು ಅರ್ಧ ತೆರೆದು ನೀರೊಳಗೆ ಇಟ್ಟು, ಆ ಕಡೆ ಈ ಕಡೆ ಆಡಿಸುತ್ತಾ ನಡೆಯುತ್ತದೆ. ಕಾಲಿನಿಂದ ಕೆಸರು ಕೆದಕುತ್ತದೆ. ಮೀನು ಕೊಕ್ಕಿಗೆ ತಗುಲಿದ ಕೂಡಲೇ ಟಪ್ ಅಂತ ಮುಚ್ಚುತ್ತದೆ. ಕಣ್ಣಿನಿಂದ ನೋಡಿ ಅಲ್ಲ, ಮುಟ್ಟಿಯೇ ಹಿಡಿಯುವುದು. ನೀರು ರಾಡಿ ಇದ್ದರೂ ಅದಕ್ಕೆ ತೊಂದರೆ ಇಲ್ಲ.

ರಾಗಿ ಕಣಜ
ಹೇಮಾವತಿ ನೀರು ಕಳ್ಳಂಬೆಳ್ಳ, ಶಿರಾ ಕೆರೆಗೆ ಬಂದ ಮೇಲೆ ಹಕ್ಕಿಗೂ ಒಳ್ಳೆಯದಾಯಿತು ಅನ್ನಿ.

ಬೆಟ್ಟದ ಜೀವಿ
ಕೆರೆ ತುಂಬಿದರೆ ಕೊಕ್ಕರೆಗೆ ನಿಲ್ಲೋಕೆ ಆಗಲ್ಲವಲ್ಲ? ಮೇಲೆ ಹೇಳಿದ ಹಾಗೆ ಮೊಣಕಾಲುದ್ದ ನೀರು ಬೇಕು.

ಕೆರೆ ಏರಿ
ಅಂಚಿನಲ್ಲಿ ಆಳ ಕಡಿಮೆ ಇರುತ್ತದೆ, ಬೇಸಿಗೆಗೆ ನೀರು ಇಳಿಯುತ್ತಾ ಬಂದಂತೆ ಮೀನು ಒತ್ತೊತ್ತಾಗಿ ಸಿಗುತ್ತದೆ. ಅವು ಮರಿ ಮಾಡುವುದೂ ಆಗಲೇ. ಒಂದೇ ಕೆರೆ ಸಾಲದು. ದೊಡ್ಡದು, ಚಿಕ್ಕದು, ಕಟ್ಟೆ, ಕುಂಟೆ ಎಲ್ಲ ಬೇಕು. ಅಂಚನ್ನು ಒತ್ತುವರಿ ಮಾಡಿ, ಮಣ್ಣು ತೆಗೆದು ಗುಂಡಿ ಮಾಡಿದರೆ ನೀರಿದ್ದರೂ ಕೊಕ್ಕರೆಗೆ ಊಟ ಇಲ್ಲ. ಜನ ಮರ ಮಾತ್ರ ನೋಡುತ್ತಾರೆ. ಮರ ಉಳಿದು ಕುಂಟೆ ಹೋದರೆ ಹಕ್ಕಿ ಬರಲ್ಲ.

ಹೆದ್ದಾರಿ ಪಯಣಿಗ
ಊಟದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಶಿರಾದಲ್ಲಿ ಮುದ್ದೆ ಊಟ ಸಿಗುತ್ತದೆ, ಬಸ್ಸಾರು ಇದೆಯಾ ಕೇಳಿ. ಹೋಗುವಾಗ ತುಮಕೂರಲ್ಲೇ ತಿಂಡಿ ಮುಗಿಸಿ. ಕ್ಯಾತಸಂದ್ರದ ತಟ್ಟೆ ಇಡ್ಲಿಗೆ ಹಿಂದಕ್ಕೆ ಹೋಗುವಷ್ಟು ಪುರುಸೊತ್ತು ಇದ್ದರೆ ಅದೂ ಆಗಬಹುದು.

ರಾಗಿ ಕಣಜ
ತಟ್ಟೆ ಇಡ್ಲಿಗೆ ಹೋದರೆ ಹಕ್ಕಿ ನೋಡುವ ಹೊತ್ತು ಮೀರುತ್ತದೆ. ಬೇಗ ಹೊರಡಿ. ಅಮ್ಮನಿಗೆ ಒಂದು ಮಡಚುವ ಕುರ್ಚಿ ಇಟ್ಟುಕೊಳ್ಳಿ.

ತುಮಕೂರಿನ ಅಪ್ಪ
ಭಾನುವಾರ ಹೋಗಿ ಬಂದೆವು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಏಳೂವರೆಗೆ ಊರಲ್ಲಿದ್ದೆವು. ಕಾರನ್ನು ಊರ ಹೊರಗೇ ನಿಲ್ಲಿಸಿದೆವು. ಮೊದಲು ಗೊತ್ತಾಗಿದ್ದು ವಾಸನೆ. ಮೀನಿನ ವಾಸನೆ, ಸುಣ್ಣದ ವಾಸನೆ ಸೇರಿದ ಹಾಗೆ. ಮಗಳು ಮೂಗು ಮುಚ್ಚಿಕೊಂಡಳು. ಆಮೇಲೆ ಮರ ಕಂಡಿತು. ಕೊಂಬೆ, ಎಲೆ, ಕೆಳಗಿನ ಹಂಚು, ಕಲ್ಲು ಚಪ್ಪಡಿ ಎಲ್ಲ ಬೆಳ್ಳಗೆ. ಮರದ ತುಂಬ ಹಕ್ಕಿ. ಮಗಳು ಖುಷಿಗೆ ಅಪ್ಪಾ ಅಂತ ಜೋರಾಗಿ ಕಿರುಚಿದಳು.

ಅಲ್ಲೇ ಜಗಲಿ ಮೇಲೆ ಒಬ್ಬ ಅಜ್ಜಿ ಮೊರದಲ್ಲಿ ಅವರೆಕಾಳು ಕೇರುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ. ಅವರು ಕೇರುವುದನ್ನು ನಿಲ್ಲಿಸಿ, "ಬಾಣಂತಿ ಇರೋ ಮನೆ ಮುಂದೆ ಯಾರಾದ್ರೂ ಹಿಂಗೆ ಕೂಗ್ತಾರೇನವ್ವಾ? ಬಾ ಇಲ್ಲಿ, ಕೂತ್ಕೊ" ಅಂದರು. ಮಗಳು ಹೋಗಿ ಅವರ ಪಕ್ಕ ಕೂತಳು. ಅಮ್ಮನೂ ಕೂತರು. ಅಲ್ಲಿಂದ ಹನ್ನೊಂದೂವರೆವರೆಗೆ ಮೂವರೂ ಎದ್ದೇಳಲಿಲ್ಲ. ಮಡಚುವ ಕುರ್ಚಿ ಕಾರಿನಿಂದ ಇಳಿಸಲೇ ಇಲ್ಲ.

ನಾನು ನೋಡಿದ್ದನ್ನು ಹೇಳಲೇಬೇಕು. ಜಗಲಿಯ ಎದುರಿಗೇ ಒಂದು ತಗ್ಗು ಕೊಂಬೆ, ಅದರ ಮೇಲೆ ಒಂದು ಗೂಡು. ಮೂರು ಮರಿ, ಬಿಳಿ ಹತ್ತಿ ಉಂಡೆಯ ಹಾಗೆ. ಬಿಸಿಲು ಏರಿದಂತೆ ತಾಯಿ ಎದ್ದು ನಿಂತಿತು. ಸೂರ್ಯನಿಗೆ ಬೆನ್ನು ಮಾಡಿ ಎರಡೂ ರೆಕ್ಕೆಗಳನ್ನು ಅರ್ಧ ಬಿಚ್ಚಿತು. ಮರಿಗಳು ಆ ನೆರಳಿಗೆ ಸರಿದುಕೊಂಡವು. ಬಿಸಿಲು ತಿರುಗಿದಷ್ಟೂ ಅದೂ ಹೆಜ್ಜೆ ಬದಲಿಸಿ ತಿರುಗುತ್ತಿತ್ತು. ಮುಕ್ಕಾಲು ಗಂಟೆ ಹಾಗೇ ನಿಂತಿತ್ತು. ಆಮೇಲೆ ಇನ್ನೊಂದು ಬಂತು. ಎರಡೂ ಕೊಕ್ಕು ಬಡಿದವು, ಮರದ ಸೌಟನ್ನು ಸೌಟಿಗೆ ಹೊಡೆದ ಸದ್ದು. ಬಂದದ್ದು ತಲೆ ಬಗ್ಗಿಸಿ ಗೂಡಿಗೆ ಮೀನು ಕಕ್ಕಿತು. ಆಮೇಲೆ ಕೊಕ್ಕಿನಿಂದ ನೀರು ಬಿಟ್ಟಿತು. ಮರಿಗಳ ಮೈಮೇಲೆ ನೀರು ಸುರಿಯುವುದು ಕಣ್ಣಿಗೆ ಕಾಣುತ್ತಿತ್ತು.

ಒಂದು ಮೀನು ಕೆಳಗೆ ಬಿತ್ತು, ಬೆರಳುದ್ದದ್ದು. ಮಗಳು ಎತ್ತಿ ಕೊಡುತ್ತೇನೆ ಅಂತ ಎದ್ದಳು. ಬಿದ್ದದ್ದನ್ನು ಅವು ಮತ್ತೆ ತಗೊಳ್ಳಲ್ಲ, ನಾಯಿಗೆ ಆಗುತ್ತೆ ಬಿಡು ಅಂದರು ಅಜ್ಜಿ. ನಾಯಿ ಆಗಲೇ ಬಂದು ನಿಂತಿತ್ತು.

ಹುಣಸೆ ನೆರಳು ಅವರು ಹೇಳಿದ ಮರದ ವಿಷಯ ಕೇಳಿದೆ. ಅಜ್ಜಿ ದುಡ್ಡಿನ ಮಾತೇ ಆಡಲಿಲ್ಲ. ಅಂಗಳ ದಿನಕ್ಕೆ ಮೂರು ಸಲ ಗುಡಿಸಬೇಕು, ಬಟ್ಟೆ ಒಣಗಿಸೋಕೆ ಜಾಗ ಇಲ್ಲ, ಅದೊಂದೇ ಕಷ್ಟ ಅಂದರು. ಬೇರೆ ಹೊಲದ ಮರದ ಹಣ್ಣು ಮೂರು ಕೆ.ಜಿ. ತಂದೆವು. ಕೇಳಿದಷ್ಟು ಕೊಟ್ಟೆ, ಚೌಕಾಸಿ ಮಾಡಲಿಲ್ಲ. ಕೋಟೆಗೆ ಹೋಗಲಿಲ್ಲ, ಕೆರೆಗೂ ನಿಲ್ಲಲಿಲ್ಲ. ಅಮ್ಮ ಹೊರಡುವ ಮನಸ್ಸು ಮಾಡಿದ್ದೇ ಮಧ್ಯಾಹ್ನ.

ಶಿರಾ ಕೋಟೆ ಬೀದಿ
ಕೋಟೆ ಬಿಟ್ಟಿರಿ! ಇರಲಿ, ಮಗು ಖುಷಿಪಟ್ಟಳಲ್ಲ, ಅಷ್ಟು ಸಾಕು. ಮುಂದಿನ ಸಲ ನಾನೇ ನಿಂತು ತೋರಿಸುತ್ತೇನೆ.

ಹಸಿರು ಕಣ್ಣು
ಚಿತ್ರ ಹಾಕಲಿಲ್ಲ ನೀವು?

ತುಮಕೂರಿನ ಅಪ್ಪ
ನಾಲ್ಕೇ ತೆಗೆದಿದ್ದು. ಅಜ್ಜಿ ಮುಖ ಬಂದಿದೆ, ಅವರನ್ನು ಕೇಳದೆ ಹಾಕುವುದು ಬೇಡ ಅನ್ನಿಸಿತು. ಮಗಳು ನೋಟ್‌ಬುಕ್ಕಿನಲ್ಲಿ ಆ ಮರ ಬರೆದಿದ್ದಾಳೆ. ಗೂಡು ಎಣಿಸುತ್ತಾ 14ಕ್ಕೆ ಲೆಕ್ಕ ತಪ್ಪಿತಂತೆ.

ಹುಣಸೆ ನೆರಳು
ಅಕ್ಕನಿಗೆ ಫೋನು ಮಾಡಿದ್ದೆ. ನೀವು ಕೂತಿದ್ದ ಜಗಲಿ ಅವಳ ಮನೆಯಿಂದ ನಾಲ್ಕನೆಯದು. ಅಜ್ಜಿ ಅವಳ ಅತ್ತೆಯ ಓರಗಿತ್ತಿ. ಆ ಹುಡುಗಿ ಮತ್ತೆ ಯಾವಾಗ ಬರ್ತಾಳಂತೆ ಅಂತ ಕೇಳುತ್ತಿದ್ದರಂತೆ.

ತುಮಕೂರಿನ ಅಪ್ಪ
ಮರಿಗಳು ಹಾರುವುದನ್ನು ನೋಡಬೇಕು ಅಂತ ಇಲ್ಲೂ ದಿನಾ ಅದೇ ಮಾತು. ಯಾವಾಗ ಹೋದರೆ ಸಿಗುತ್ತದೆ?

ಕೆರೆ ಏರಿ
ಮೊಟ್ಟೆ ಒಡೆದ ಮೇಲೆ ಹಾರೋಕೆ ಸುಮಾರು ಎರಡು ತಿಂಗಳು ಬೇಕು. ನೀವು ಹೇಳಿದ ಗಾತ್ರ ನೋಡಿದರೆ ಜೂನ್ ಎರಡನೇ ವಾರದ ಮೇಲೆ ಹೋಗಿ. ಆಗ ಅವು ಬೆಳ್ಳಗೆ ಇರಲ್ಲ, ಮಾಸಲು ಕಂದು ಬಣ್ಣ. ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತಿರುತ್ತವೆ. ನನ್ನ ಹತ್ತಿರ ಬೈನಾಕ್ಯುಲರ್ ಇದೆ, ನಾನೂ ತುಮಕೂರಿನಲ್ಲೇ ಇರುವುದು. ಹೋಗುವ ಹಿಂದಿನ ದಿನ ಒಂದು ಸಂದೇಶ ಹಾಕಿ, ಮನೆಗೇ ತಂದು ಕೊಡುತ್ತೇನೆ.